ನೆಲ ಅಲುಗಬೇಕು: ಉಳಿದಿರುವ ಹಳೆಯ ಫನ್‌ಹೌಸ್‌ಗಳ ವಿಮರ್ಶೆ

ಹಳೆಯ ಕಾಲದ ಫನ್‌ಹೌಸ್ ಒಂದನ್ನೇ ನೋಡಲು ಸಾಧ್ಯ ಎಂದಾದರೆ ಸಿಡ್ನಿಯ ಲೂನಾ ಪಾರ್ಕ್‌ನಲ್ಲಿರುವ ‘ಕೋನಿ ಐಲೆಂಡ್’ಗೆ ಹೋಗಿ. ಎರಡನೆಯದಕ್ಕೂ ಅವಕಾಶ ಸಿಕ್ಕರೆ ಅಮೆರಿಕದ ಪೆನ್ಸಿಲ್ವೇನಿಯಾದ ಕೆನಿವುಡ್ ಪಾರ್ಕ್‌ನ ‘ನೋವಾಸ್ ಆರ್ಕ್’ ನೋಡಿ. ಉಳಿದವು ಈ ಎರಡರ ನಂತರವೇ. ಹೀಗೆ ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಫನ್‌ಹೌಸ್ ಅಂದರೆ ಒಳಗೆ ಕಾಲ್ನಡಿಗೆಯಲ್ಲಿ ಸಾಗುವ ಮೋಜಿನ ಮನೆ. ಗಾಡಿಯಲ್ಲಿ ಕುಳಿತು ಕತ್ತಲಲ್ಲಿ ಸಾಗಿದರೆ ಅದು ಡಾರ್ಕ್ ರೈಡ್. ಮುಖವಾಡ ಹಾಕಿಕೊಂಡವರು ಮೂಲೆಯಿಂದ ಹಾರಿ ಬಂದು ಹೆದರಿಸಿದರೆ ಅದು ದೆವ್ವದ ಮನೆ. ಫನ್‌ಹೌಸ್‌ನಲ್ಲಿ ಆಟವಾಡಿಸುವುದು ನಿಮ್ಮ ಕಾಲಡಿಯ ನೆಲ. ಅದು ಜಾರುತ್ತದೆ, ತಿರುಗುತ್ತದೆ, ವಾಲುತ್ತದೆ, ಕುಸಿದಂತೆ ಮಾಡುತ್ತದೆ. ಹಾಗಾಗಿ ಇವುಗಳನ್ನು ಅಳೆಯಬೇಕಾದದ್ದು ಬಣ್ಣದಿಂದಲ್ಲ, ಬೊಂಬೆಗಳಿಂದಲ್ಲ. ಎಷ್ಟು ಯಂತ್ರಗಳು ಇವತ್ತಿಗೂ ಚಾಲೂ ಇವೆ ಅನ್ನುವುದರಿಂದ. ಜನ ಒಳಗೆ ನಡೆದು ದಾಟುವ ಉರುಳುವ ಪೀಪಾಯಿಯನ್ನು ಬೋಲ್ಟ್ ಹಾಕಿ ನಿಲ್ಲಿಸಿ, ಅಲುಗುವ ಮೆಟ್ಟಿಲಿನ ಮೇಲೆ ಪ್ಲೈವುಡ್ ಹೊದಿಸಿ, ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದ ಫನ್‌ಹೌಸ್‌ಗಳು ಅನೇಕ ಕಡೆ ಇವೆ. ಅವು ಬರೀ ಓಣಿಗಳು. ಅವಕ್ಕೆ ಟಿಕೆಟ್ ಕೊಳ್ಳಬೇಡಿ.

ಸಿಡ್ನಿಯ ಕಟ್ಟಡ 1935ರದು. ಆ ವರ್ಷದ ಅಕ್ಟೋಬರ್‌ನಲ್ಲಿ ಲೂನಾ ಪಾರ್ಕ್ ಬಂದರಿನ ದಡದ ಮಿಲ್ಸನ್ಸ್ ಪಾಯಿಂಟ್‌ನಲ್ಲಿ, ಹಾರ್ಬರ್ ಬ್ರಿಡ್ಜ್‌ನ ಬುಡದಲ್ಲೇ ಬಾಗಿಲು ತೆರೆದಾಗ ಇದೂ ಜೊತೆಗೇ ಶುರುವಾಯಿತು. ಹೆಸರು ನ್ಯೂಯಾರ್ಕ್‌ನ ಕೋನಿ ಐಲೆಂಡ್‌ನಿಂದ ಬಂದದ್ದು. ಅಲ್ಲಿ ಜಾರ್ಜ್ ಟಿಲ್ಯೂ 1897ರಲ್ಲಿ ತೆರೆದ ಸ್ಟೀಪಲ್‌ಚೇಸ್ ಪಾರ್ಕ್ 1907ರಲ್ಲಿ ಸುಟ್ಟುಹೋದಾಗ, ಆತ ಕಬ್ಬಿಣ ಮತ್ತು ಗಾಜಿನ ದೊಡ್ಡ ಚಾವಣಿಯಡಿ ಹಲವು ಆಟಗಳನ್ನು ಒಟ್ಟುಗೂಡಿಸಿ ‘ಪೆವಿಲಿಯನ್ ಆಫ್ ಫನ್’ ಕಟ್ಟಿದ. ಮಳೆ ಬಂದರೂ ವ್ಯಾಪಾರ ನಿಲ್ಲದ ಏರ್ಪಾಡು ಅದು. ಆ ಮೂಲ ಪಾರ್ಕ್ 1964ರಲ್ಲಿ ಮುಚ್ಚಿತು, 1966ರಲ್ಲಿ ಪೆವಿಲಿಯನ್ ನೆಲಸಮವಾಯಿತು. ಅದೇ ಮಾದರಿಯ ದೊಡ್ಡ ಹಜಾರ, ಅದೇ ಬಗೆಯ ಯಂತ್ರಗಳು ಸಿಡ್ನಿಯಲ್ಲಿ ಇವತ್ತಿಗೂ ಉಳಿದಿವೆ. ಕಟ್ಟಡ ನ್ಯೂ ಸೌತ್ ವೇಲ್ಸ್ ರಾಜ್ಯದ ಪಾರಂಪರಿಕ ಪಟ್ಟಿಯಲ್ಲಿದೆ. ಗೋಡೆಗಳ ಮೇಲೆ ಆರ್ಥರ್ ಬಾರ್ಟನ್ ಎಂಬ ಕಲಾವಿದರ ಶೈಲಿಯ ಹಾಸ್ಯಚಿತ್ರಗಳಿವೆ. ಅವಸರ ಮಾಡದೆ ನೋಡಬೇಕಾದ ಚಿತ್ರಗಳು ಅವು.

ಈ ಹಜಾರದ ದೊಡ್ಡ ಗುಣ ಅದರ ಬಯಲು. ಒಳಗೆ ಕಾಲಿಟ್ಟ ತಕ್ಷಣ ಜಾರುಬಂಡೆ, ಪೀಪಾಯಿ, ತಿರುಗುವ ಚಕ್ರ, ಗೋಡೆಯುದ್ದಕ್ಕೆ ಅಲುಗುವ ಓಣಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಬೀಳುವವರಷ್ಟೇ ಮುಖ್ಯ ಬೀಳುವುದನ್ನು ನೋಡಿ ನಗುವವರು. ಹಳೆಯ ವಿನ್ಯಾಸಕಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಿರಿದಾದ ಕತ್ತಲೆ ಓಣಿಗಳಾಗಿ ಕಟ್ಟಿದ ನಂತರದ ಫನ್‌ಹೌಸ್‌ಗಳು ಕಳೆದುಕೊಂಡದ್ದು ಇದನ್ನೇ.

ಉರುಳುವ ಪೀಪಾಯಿಯಿಂದ ಶುರುಮಾಡಿ. ಅದರ ರಚನೆ ಸರಳ. ಎರಡೂ ತುದಿ ತೆರೆದ ದೊಡ್ಡ ಕೊಳವೆ ಕೆಳಗಿನ ರೋಲರ್‌ಗಳ ಮೇಲೆ ಕುಳಿತಿರುತ್ತದೆ. ಮೋಟರ್ ಆ ರೋಲರ್‌ಗಳನ್ನೋ, ಕೊಳವೆಯ ಸುತ್ತ ಹಾಕಿದ ಬೆಲ್ಟ್ ಅಥವಾ ಸರಪಳಿಯನ್ನೋ ಎಳೆಯುತ್ತದೆ. ಒಳಮೈ ಸಪಾಟಾಗಿ ಇಲ್ಲವೇ ಮೆತ್ತೆ ಹೊದ್ದು ಇರುತ್ತದೆ. ತಿರುಗುವ ವೇಗ ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: 2 ಮೀಟರ್ ವ್ಯಾಸದ ಪೀಪಾಯಿ ನಿಮಿಷಕ್ಕೆ 5 ಸುತ್ತು ಹಾಕಿದರೆ ಕಾಲಡಿಯ ನೆಲ ಸೆಕೆಂಡಿಗೆ ಅರ್ಧ ಮೀಟರ್ ಪಕ್ಕಕ್ಕೆ ಸರಿಯುತ್ತದೆ. 3 ಮೀಟರ್ ಉದ್ದವನ್ನು ನೀವು 3 ಸೆಕೆಂಡಿನಲ್ಲಿ ದಾಟುವಷ್ಟರಲ್ಲಿ ಅದು ನಿಮ್ಮನ್ನು ಒಂದೂವರೆ ಮೀಟರ್ ಪಕ್ಕಕ್ಕೆ ಒಯ್ದಿರುತ್ತದೆ, ಅಂದರೆ ಗೋಡೆ ಹತ್ತಿಸಿರುತ್ತದೆ. ನೇರ ನಡೆದವರು ಬೀಳುವುದು ಇದರಿಂದಲೇ.

ದಾಟುವ ಕ್ರಮ ಹೀಗೆ. ಒಳಗೆ ಹೋಗುವ ಮುನ್ನ ನೆಲ ಯಾವ ಕಡೆಗೆ ಸರಿಯುತ್ತಿದೆ ನೋಡಿಕೊಳ್ಳಿ. ಎಡಕ್ಕೆ ಸರಿಯುತ್ತಿದ್ದರೆ ಬಲಗಡೆಯ ಗೋಡೆ ಇಳಿಯುತ್ತಿರುತ್ತದೆ, ಎಡಗಡೆಯದು ಏರುತ್ತಿರುತ್ತದೆ. ಇಳಿಯುವ ಗೋಡೆಯ ಬದಿಗೆ, ಇಲ್ಲಿ ಬಲಗಡೆಗೆ, ಕೊಂಚ ಒತ್ತಿಕೊಂಡು ಒಳಗೆ ಹೋಗಿ. ಆಮೇಲೆ ಬಲಮುಂದಕ್ಕೆ ಓರೆಯಾಗಿ, ಚಿಕ್ಕಚಿಕ್ಕ ಹೆಜ್ಜೆಗಳನ್ನು ಬೇಗ ಬೇಗ ಇಡಿ. ಮಂಡಿ ಸ್ವಲ್ಪ ಮಡಿಸಿರಲಿ, ದೃಷ್ಟಿ ಆಚೆ ಬಾಗಿಲಿನ ಸ್ಥಿರವಾದ ಚೌಕಟ್ಟಿನ ಮೇಲಿರಲಿ. ನಡುವೆ ನಿಂತರೆ ಕೆಟ್ಟಿತು. ಕೈ ಚಾಚಿ ಗೋಡೆ ಹಿಡಿಯಬೇಡಿ, ಅದೂ ನೆಲದ ಜೊತೆಗೇ ತಿರುಗುತ್ತಿದೆ, ಕೈಯನ್ನು ಎಳೆದುಕೊಂಡೇ ಹೋಗುತ್ತದೆ. ಬಿದ್ದರೆ ಎದ್ದು ನಿಲ್ಲಲು ಹೆಣಗಬೇಡಿ. ಬಿದ್ದ ಮೈ ಏರುವ ಗೋಡೆಯ ಮೇಲೆ ಇಪ್ಪತ್ತು ಡಿಗ್ರಿಯಷ್ಟು ಹತ್ತಿ ಮತ್ತೆ ಕೆಳಗೆ ಜಾರುತ್ತದೆ. ಘರ್ಷಣೆ ಅದಕ್ಕಿಂತ ಹೆಚ್ಚು ಹಿಡಿದಿಡಲಾರದು. ಜಾರಿದ ಆ ಗಳಿಗೆಯಲ್ಲಿ ಅಂಗೈ ಮಂಡಿ ಊರಿ ಬಾಗಿಲಿನ ಕಡೆಗೆ ತೆವಳಿ. ಒಬ್ಬರು ಹೊರಬರುವ ತನಕ ಮತ್ತೊಬ್ಬರು ಒಳಗೆ ಹೋಗಕೂಡದು. ಪೀಪಾಯಿಯಲ್ಲಿ ಮೇಲೆ ಬಿದ್ದ ಇನ್ನೊಬ್ಬರ ಮೊಣಕೈ ತಾಗಿಯೂ ಪೆಟ್ಟಾಗಬಹುದು.

ಪೀಪಾಯಿ ಸುಸ್ಥಿತಿಯಲ್ಲಿದೆಯೇ ಎಂದು ಹೊರಗೆ ನಿಂತೇ ತಿಳಿಯಬಹುದು. ಒಂದೇ ಅಂತರದಲ್ಲಿ ‘ಟಕ್, ಟಕ್’ ಎಂದು ಸದ್ದು ಬರುತ್ತಿದ್ದರೆ ಯಾವುದೋ ರೋಲರ್‌ನ ಒಂದು ಕಡೆ ಸವೆದು ಚಪ್ಪಟೆಯಾಗಿದೆ. ರಾತ್ರಿಯಿಡೀ ಭಾರ ಹೊತ್ತು ಒಂದೇ ಭಂಗಿಯಲ್ಲಿ ನಿಂತ ರಬ್ಬರ್ ರೋಲರ್‌ಗಳಲ್ಲಿ ಬೆಳಗಿನ ಹೊತ್ತು ಇದು ಕೇಳಿಸಿ ಆಮೇಲೆ ಕಡಿಮೆಯಾಗುವುದೂ ಉಂಟು. ವೇಗ ಒಮ್ಮೆ ಹೆಚ್ಚಿ ಒಮ್ಮೆ ತಗ್ಗಿದರೆ ಬೆಲ್ಟ್ ಜಾರುತ್ತಿದೆ ಅಥವಾ ಕೊಳವೆಯೇ ದುಂಡಗೆ ಉಳಿದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಹೊಸ್ತಿಲು. ಸ್ಥಿರ ನೆಲಕ್ಕೂ ತಿರುಗುವ ಅಂಚಿಗೂ ನಡುವಿನ ಸಂದು ತೀರಾ ಕಿರಿದಾಗಿ, ರಬ್ಬರ್ ಪಟ್ಟಿಯಿಂದ ಮುಚ್ಚಿರಬೇಕು. ಮಕ್ಕಳ ಬೆರಳು ಸಿಕ್ಕಿಕೊಳ್ಳುವುದು 8ರಿಂದ 25 ಮಿಲಿಮೀಟರ್ ಅಗಲದ ಸಂದುಗಳಲ್ಲಿ. ಆಟದ ಮೈದಾನದ ಉಪಕರಣಗಳಿಗೂ ಇದೇ ಅಳತೆ ನೋಡುತ್ತಾರೆ. ಪಟ್ಟಿ ಹರಿದು ಜೋತುಬಿದ್ದಿದ್ದರೆ ಮಕ್ಕಳನ್ನು ಕಳಿಸಬೇಡಿ.

ಜಾಯ್ ವೀಲ್ ನಮ್ಮ ಮಟ್ಟಿಗೆ ಇಡೀ ಹಜಾರದ ರಾಜ. ನುಣುಪಾದ ಮರದ ದೊಡ್ಡ ತಟ್ಟೆ, ಅದರ ಮೇಲೆ ಜನ ಕೂರುತ್ತಾರೆ, ತಟ್ಟೆ ತಿರುಗತೊಡಗುತ್ತದೆ, ಒಬ್ಬೊಬ್ಬರಾಗಿ ಅಂಚಿಗೆ ಜಾರಿ ಹೊರಬೀಳುತ್ತಾರೆ. ಕೊನೆಗೆ ಉಳಿದವರು ಗೆದ್ದಂತೆ. ಸ್ಟೀಪಲ್‌ಚೇಸ್‌ನಲ್ಲಿ ಇದನ್ನೇ ‘ಹ್ಯೂಮನ್ ರುಲೆಟ್ ವೀಲ್’ ಎನ್ನುತ್ತಿದ್ದರು. ಇದರ ಲೆಕ್ಕವೂ ಸರಳ. ನಡುವಿನಿಂದ ಎಷ್ಟು ದೂರ ಕೂತಿದ್ದೀರಿ ಮತ್ತು ನಿಮ್ಮ ಬಟ್ಟೆ ಎಷ್ಟು ಜಾರುತ್ತದೆ, ಈ ಎರಡೇ ಲೆಕ್ಕಕ್ಕೆ ಬರುವುದು. ಘರ್ಷಣಾಂಕ (ಬಟ್ಟೆ ಮರಕ್ಕೆ ಎಷ್ಟು ಹಿಡಿಯುತ್ತದೆ ಎಂಬ ಅಳತೆ) 0.3 ಎಂದಿಟ್ಟುಕೊಂಡರೆ, 2 ಮೀಟರ್ ದೂರದಲ್ಲಿ ಕೂತವರು ನಿಮಿಷಕ್ಕೆ 12 ಸುತ್ತಾಗುವ ಹೊತ್ತಿಗೆ ಹೊರಗೆ. ಅರ್ಧ ಮೀಟರ್ ದೂರದಲ್ಲಿರುವವರು 23 ಸುತ್ತಿನ ತನಕ ತಡೆದುಕೊಳ್ಳುತ್ತಾರೆ. ನಟ್ಟನಡುವೆ ಕೂತವರನ್ನು ಸೆಳೆಯುವ ಬಲವೇ ಇಲ್ಲ. ಮೈತೂಕ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ದಪ್ಪಗಿದ್ದವರು ಗಟ್ಟಿಯಾಗಿ ಕೂರಬಲ್ಲರು ಎಂಬುದು ತಪ್ಪು ತಿಳಿವಳಿಕೆ, ಮಕ್ಕಳೂ ಅಷ್ಟೇ ಹೊತ್ತು ಕೂರಬಲ್ಲರು. ನಯವಾದ ಪಾಲಿಯೆಸ್ಟರ್ ಪ್ಯಾಂಟ್‌ಗಿಂತ ಒರಟು ಹತ್ತಿ ಬಟ್ಟೆ ವಾಸಿ. ನಡುವೆ ಜಾಗ ಹಿಡಿದವರು ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತರೆ ಒಬ್ಬರ ಒತ್ತು ಇನ್ನೊಬ್ಬರಿಗೆ ಆಸರೆ. ಆದರೆ ಒಬ್ಬರು ಜಾರಿದೊಡನೆ ಇಡೀ ಗುಂಪೇ ಬಿಚ್ಚಿಕೊಳ್ಳುತ್ತದೆ. ಜಾರತೊಡಗಿದ ಮೇಲೆ ಅಂಗೈ ಊರಿ ತಡೆಯಲು ಹೋಗಬೇಡಿ, ಮಣಿಕಟ್ಟು ತಿರುಚಿಕೊಳ್ಳುತ್ತದೆ, ಚರ್ಮ ಸುಟ್ಟಂತೆ ಉಜ್ಜಿಹೋಗುತ್ತದೆ. ಕೈಕಾಲು ಮುದುಡಿ ಹೋಗಗೊಡಿ, ಅಂಚಿನಾಚೆ ಮೆತ್ತೆಯಿರುತ್ತದೆ.

ಈ ಯಂತ್ರಕ್ಕೆ ಪಕ್ಕದಲ್ಲೇ ನಿಂತು ವೇಗ ನಿಯಂತ್ರಿಸುವ ಒಬ್ಬ ಆಪರೇಟರ್ ಬೇಕೇ ಬೇಕು. ಒಳ್ಳೆಯ ಆಪರೇಟರ್ ಒಮ್ಮೆಲೇ ವೇಗ ಏರಿಸುವುದಿಲ್ಲ. ನಿಧಾನವಾಗಿ ಹೆಚ್ಚಿಸಿ, ಹೊರ ಸುತ್ತಿನವರನ್ನು ಉದುರಿಸಿ, ಕೊಂಚ ತಡೆದು, ಉಳಿದವರಿಗೆ ಧೈರ್ಯ ಬಂತು ಅನ್ನುವಾಗ ಮತ್ತೆ ಹೆಚ್ಚಿಸುತ್ತಾನೆ. ಆಟದ ರುಚಿಯೆಲ್ಲ ಆ ಕೈಯಲ್ಲಿದೆ. ಇಂಥ ಯಂತ್ರಗಳು ಸಿಬ್ಬಂದಿ ಇದ್ದಾಗಲಷ್ಟೇ ಓಡುತ್ತವೆ. ಹಾಗಾಗಿ ಒಳಹೊಕ್ಕ ಕೂಡಲೇ ಯಾವುದು ಯಾವಾಗ ಶುರು ಎಂದು ಕೇಳಿಟ್ಟುಕೊಂಡು, ಅದಕ್ಕೆ ತಕ್ಕಂತೆ ಉಳಿದದ್ದನ್ನು ಸುತ್ತಿ.

ಟರ್ಕಿ ಟ್ರಾಟ್ ಎಂಬುದು ಅಲುಗುವ ಹಲಗೆಗಳ ಓಣಿ. ಇಂಥ ಓಣಿಗಳ ಹಲಗೆಗಳ ಕೆಳಗೆ, ಮೋಟರ್‌ನ ತಿರುಗಾಟವನ್ನು ಹಿಂದುಮುಂದಿನ ಓಟವಾಗಿ ಬದಲಿಸುವ ಕ್ರ್ಯಾಂಕ್‌ಗಳಿರುತ್ತವೆ. ಒಂದು ಹಲಗೆ ಮುಂದೆ ಹೋದಾಗ ಪಕ್ಕದ್ದು ಹಿಂದೆ ಬರುತ್ತದೆ. ಎರಡು ಹಲಗೆಗಳ ಮೇಲೆ ಒಂದೊಂದು ಕಾಲಿಟ್ಟರೆ ಸೊಂಟ ಕತ್ತರಿಯಂತಾಗುತ್ತದೆ. ಎರಡೂ ಕಾಲನ್ನು ಒಂದೇ ಹಲಗೆಯ ಮೇಲಿಟ್ಟು, ಅದು ತನ್ನ ಓಟದ ತುದಿ ಮುಟ್ಟಿ ಒಂದು ಕ್ಷಣ ನಿಲ್ಲುವಾಗ ಮುಂದಿನದಕ್ಕೆ ಹೆಜ್ಜೆ ಹಾಕಿ. ಕ್ರ್ಯಾಂಕ್‌ನಿಂದ ಓಡುವ ಯಾವುದೇ ಆಟದಲ್ಲಿ ಈ ಉಪಾಯ ನಡೆಯುತ್ತದೆ, ಏಕೆಂದರೆ ತುದಿಗಳಲ್ಲಿ ವೇಗ ಸೊನ್ನೆ, ನಡುವೆ ಅತಿ ಹೆಚ್ಚು. ಹಲಗೆ ತಿರುವು ತೆಗೆದುಕೊಳ್ಳುವಾಗಲೆಲ್ಲ ‘ಧಡ್’ ಎಂದು ಬಡಿದರೆ ಕೀಲಿನೊಳಗಿನ ಬುಷ್ ಸವೆದಿದೆ ಎಂದೇ ಅರ್ಥ.

ಮರದ ಜಾರುಬಂಡೆಗಳ ಬಗ್ಗೆ ಒಂದು ಎಚ್ಚರಿಕೆಯಿದೆ. ಗೋಣಿ ಚಾಪೆಯ ಮೇಲೆ ಕೂತು ಜಾರುವುದು ಇಲ್ಲಿನ ಪದ್ಧತಿ. ಚಾಪೆಯ ಮುಂದಿನ ಅಂಚನ್ನು ಮೇಲೆ ಮಡಿಸಿ ಹಿಡಿದು, ಪಾದಗಳನ್ನೂ ಅದರ ಮೇಲೇ ಇಟ್ಟುಕೊಳ್ಳಬೇಕು. ರಬ್ಬರ್ ಸೋಲ್ ಮರಕ್ಕೆ ತಾಗಿತೋ ಆ ಕಾಲು ಅಲ್ಲೇ ಕಚ್ಚಿಕೊಳ್ಳುತ್ತದೆ, ಮೈ ಮುಂದಕ್ಕೆ ತಿರುಗುತ್ತದೆ. ಪಾದದ ಕೀಲು ಉಳುಕುವುದು ಹೀಗೆಯೇ. ಮೊಣಕೈ ಮೈಗೆ ಅಂಟಿರಲಿ. ಉಬ್ಬುತಗ್ಗಿನ ಜಾರುಬಂಡೆಯಾದರೆ ಉಬ್ಬಿನ ನೆತ್ತಿಯಲ್ಲಿ ಮೈ ಹಗುರಾಗುತ್ತದೆ. ಆಗ ಹಿಂದಕ್ಕೆ ಬಾಗಿದರೆ ಮುಂದಿನ ತಗ್ಗಿನಲ್ಲಿ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ, ಆದ್ದರಿಂದ ಗದ್ದ ಎದೆಯ ಕಡೆಗೆ ಒತ್ತಿರಲಿ. ಚಿಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರಬೇಡಿ. ಮಗುವಿನ ಕಾಲು ಬದಿಗೆ ಸಿಕ್ಕಿದಾಗ ಹಿಂದಿನ ದೊಡ್ಡವರ ತೂಕವೆಲ್ಲ ಆ ಎಳೆಯ ಮೂಳೆಯ ಮೇಲೆ ಬೀಳುತ್ತದೆ. ತೇವದ ದಿನ ಗೋಣಿ ನೀರು ಹೀರಿಕೊಂಡು ಓಟ ನಿಧಾನವಾಗುತ್ತದೆ. ಒಣ ಹವೆಯಲ್ಲಿ ಮೇಣ ತಿಕ್ಕಿದ ಮರ ಅನಿರೀಕ್ಷಿತ ವೇಗ ಕೊಡುತ್ತದೆ. ಹಲಗೆಗಳ ಜೋಡಣೆಯಲ್ಲಿ ಕೆಳಗಿನ ಹಲಗೆಯ ಅಂಚು ಕೂದಲೆಳೆಯಷ್ಟಾದರೂ ತಗ್ಗಿರಬೇಕು. ಅದು ಮೇಲೆದ್ದರೆ ಚಾಪೆ ಹರಿಯುತ್ತದೆ, ಆಮೇಲೆ ಚರ್ಮ. ಮರ ಹಿಗ್ಗಿ ಕುಗ್ಗುತ್ತಲೇ ಇರುವುದರಿಂದ ಇದನ್ನು ಒಮ್ಮೆ ಸರಿಮಾಡಿ ಮರೆಯುವಂತಿಲ್ಲ, ಕೈಯಾಡಿಸಿ ನೋಡುತ್ತಲೇ ಇರಬೇಕು. ಮರದ ಜಾರುಬಂಡೆ ಕಿತ್ತು ಫೈಬರ್‌ಗ್ಲಾಸ್ ಹಾಕಿದ ಪಾರ್ಕ್‌ಗಳನ್ನು ದೂರಲು ಮನಸ್ಸಾಗುತ್ತದೆ. ಆದರೆ ಈ ದುಡಿಮೆಯನ್ನು ಕಂಡವರಿಗೆ ಕಾರಣ ಅರ್ಥವಾಗುತ್ತದೆ. ಮರವನ್ನು ಉಳಿಸಿಕೊಂಡವರ ಮೇಲೆ ಗೌರವ ಹುಟ್ಟುವುದೂ ಇದಕ್ಕೇ.

ಕೆನಿವುಡ್‌ಗೆ ಬರೋಣ. ಪಿಟ್ಸ್‌ಬರ್ಗ್ ಬಳಿಯ ಈ ಪಾರ್ಕ್ 1898ರಲ್ಲಿ ಟ್ರಾಲಿ (ಟ್ರಾಮ್) ಮಾರ್ಗದ ಕೊನೆಯ ವಿಹಾರತಾಣವಾಗಿ ಹುಟ್ಟಿದ್ದು. 1987ರಲ್ಲಿ ಅದಕ್ಕೆ ರಾಷ್ಟ್ರೀಯ ಐತಿಹಾಸಿಕ ತಾಣದ ಮಾನ್ಯತೆ ಸಿಕ್ಕಿತು. ಬೈಬಲ್ ಕಥೆಯ ನೋವಾನ ನಾವೆಯ ಆಕಾರದ ಫನ್‌ಹೌಸ್ ಲೆರಾಯ್ ರೇಮಂಡ್ ಎಂಬ ವಿನ್ಯಾಸಕಾರನ ಕಲ್ಪನೆ, ಮೊದಲನೆಯದು 1919ರಲ್ಲಿ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ಬಂತು. ಅಮೆರಿಕ, ಬ್ರಿಟನ್‌ಗಳಲ್ಲಿ ಹಲವು ನಾವೆಗಳು ಎದ್ದವು. ಕೆನಿವುಡ್‌ನದು 1936ರದು. ಬ್ರಿಟನ್‌ನ ಬ್ಲ್ಯಾಕ್‌ಪೂಲ್ ಪ್ಲೆಷರ್ ಬೀಚ್‌ನ ನಾವೆ 1922ರಷ್ಟು ಹಳೆಯದು, ಆದರೆ ಅದರೊಳಗೆ ನಡೆದು ಹೋಗುವ ಅವಕಾಶ ಈಗಿಲ್ಲ. ಹೀಗಾಗಿ ಈ ಜಾತಿಯಲ್ಲಿ ಇನ್ನೂ ತೂಗುತ್ತ ಜನರನ್ನು ಒಳಗೆ ಬಿಟ್ಟುಕೊಳ್ಳುವ ಕೊನೆಯದು ಕೆನಿವುಡ್‌ನದೇ.

ಬಂಡೆಯಂಥ ಬುಡದ ಮೇಲೆ ನಾವೆ ಕೂತಿದೆ. ನೀವು ಮೊದಲು ಬುಡದೊಳಗಿನ ಕತ್ತಲೆ ಓಣಿಗಳಲ್ಲಿ ಸುತ್ತಿ, ಆಮೇಲೆ ನಾವೆಯೊಳಗೆ ಹತ್ತುತ್ತೀರಿ. ನಾವೆ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ತೂಗುತ್ತಿರುತ್ತದೆ. ಅಷ್ಟು ದೊಡ್ಡ ಕಟ್ಟಡ ತೂಗುವುದು ಹೊರಗಿನಿಂದಲೇ ಕಾಣುತ್ತದೆ. ಒಳಗೆ ಹೋದ ಮೇಲೆ ಕಿಟಕಿಯಿಲ್ಲದ ಕಡೆ ಕಣ್ಣಿಗೆ ಎಲ್ಲ ಸ್ಥಿರವಾಗಿ ಕಾಣುತ್ತದೆ, ಗೋಡೆ ಮತ್ತು ನೆಲ ಒಟ್ಟಿಗೇ ಅಲುಗುವುದರಿಂದ. ಒಳಕಿವಿ ಮಾತ್ರ ‘ಮೈ ವಾಲುತ್ತಿದೆ’ ಎನ್ನುತ್ತದೆ. ಹಡಗಿನಲ್ಲಿ ಹೊಟ್ಟೆ ತೊಳಸುವುದಕ್ಕೆ ಕಾರಣವಾಗುವುದೂ ಇದೇ ಜಗಳ. ಬಸ್ಸಿನಲ್ಲಿ ವಾಂತಿ ಬರುವವರು ಊಟವಾದ ತಕ್ಷಣ ಇದರೊಳಗೆ ಹೋಗಬೇಡಿ. ಒಳಗೆ ತೊಳಸತೊಡಗಿದರೆ ಬೆಳಕು ಬರುವ ಕಡೆಗೆ, ಹೊರಗಿನ ನೆಲ ಕಾಣುವ ಕಡೆಗೆ ನೋಡಿ, ಬೇಗ ಸಮಾಧಾನವಾಗುತ್ತದೆ.

1969ರಲ್ಲಿ ಇದಕ್ಕೆ ತಿಮಿಂಗಿಲದ ಬಾಯಿಯ ಪ್ರವೇಶದ್ವಾರ ಬಂತು. ಜನ ಮೆತ್ತನೆಯ ನಾಲಿಗೆಯ ಮೇಲೆ ನಡೆದು ಒಳಗೆ ಹೋಗುತ್ತಿದ್ದರು. 1996ರ ನವೀಕರಣದಲ್ಲಿ ಅದನ್ನು ತೆಗೆದು ಕೆಳಗೆ ಬೀಳುವಂತೆ ನಟಿಸುವ ಲಿಫ್ಟ್ ಇಟ್ಟರು. 2016ರಲ್ಲಿ ತಿಮಿಂಗಿಲ ಮರಳಿತು. ಸರಿಯಾದ ತೀರ್ಮಾನ. ಲಿಫ್ಟ್‌ನ ತಂತ್ರ ಕೆಟ್ಟದ್ದೇನಲ್ಲ, ಆದರೆ ಅದನ್ನು ಯಾವ ದೆವ್ವದ ಮನೆಯಲ್ಲಾದರೂ ಇಡಬಹುದು. ಮೆತ್ತನೆಯ ನಾಲಿಗೆ ಹಾಗಲ್ಲ, ಮೊದಲ ಹೆಜ್ಜೆಯಲ್ಲೇ ‘ಇಲ್ಲಿ ನೆಲವನ್ನು ನಂಬಬೇಡ’ ಎಂದು ಕಾಲಿಗೆ ಪಾಠ ಹೇಳುತ್ತದೆ. ಚೂಪು ಹಿಮ್ಮಡಿಯ ಚಪ್ಪಲಿ ಹಾಕಿದವರು ಅಲ್ಲಿ ಪಾದವನ್ನು ಪೂರ್ತಿ ಚಪ್ಪಟೆಯಾಗಿ ಊರಬೇಕು, ಇಲ್ಲದಿದ್ದರೆ ಹಿಮ್ಮಡಿ ಒಳಗೆ ಇಳಿದು ಕಾಲು ಹೊರಳುತ್ತದೆ.

ನಾವೆಯ ಕೊರತೆ ಒಂದೇ: ಜನದಟ್ಟಣೆಯಲ್ಲಿ ಅದು ತೀರಾ ಬೇಗ ಮುಗಿದುಹೋಗುತ್ತದೆ. ಹಿಂದಿನವರು ತಳ್ಳುತ್ತಾರೆ, ಮುಂದಿನವರ ಬೆನ್ನೇ ಕಾಣುತ್ತಿರುತ್ತದೆ. ನಡೆದು ನೋಡುವ ಮನೆಗಳಲ್ಲಿ ಹಲವು ತಂತ್ರಗಳು ಸೆನ್ಸರ್‌ನಿಂದ ಶುರುವಾಗುವಂಥವು. ಮುಂದಿನ ಗುಂಪು ಅದನ್ನು ಚಾಲೂ ಮಾಡಿದರೆ, ನೀವು ತಲುಪುವಾಗ ಬೊಂಬೆ ಹಿಂದಕ್ಕೆ ಸರಿಯುತ್ತಿರುತ್ತದೆ, ನೋಡಲು ಏನೂ ಉಳಿದಿರುವುದಿಲ್ಲ. ಪಾರ್ಕ್ ತೆರೆದ ಕೂಡಲೇ ಎಲ್ಲರೂ ರೋಲರ್ ಕೋಸ್ಟರ್‌ಗಳ ಕಡೆ ಓಡುವಾಗ ನೀವು ಇಲ್ಲಿಗೆ ಬನ್ನಿ. ಮುಂದಿನವರಿಗೆ 15 ಸೆಕೆಂಡ್ ಬಿಟ್ಟುಕೊಟ್ಟು ಹೆಜ್ಜೆ ಹಾಕಿ. ಈ ಒಂದು ಎಚ್ಚರದಿಂದ ಅದೇ ಮನೆ ಎರಡು ಪಟ್ಟು ಚೆನ್ನಾಗಿ ಕಾಣುತ್ತದೆ.

ಮೂರನೆಯ ಸಾಲಿನಲ್ಲಿ ಬರುವುದು ಬಿಲ್ ಟ್ರೇಸಿ ಎಂಬ ವಿನ್ಯಾಸಕಾರನ ಎರಡು ‘ಪೈರೇಟ್ಸ್ ಕೋವ್’ಗಳು. ಒಂದು ಮೇರಿಲ್ಯಾಂಡ್‌ನ ಓಷನ್ ಸಿಟಿಯ ಟ್ರಿಂಪರ್ಸ್‌ನಲ್ಲಿ, 1971ರದು. ಇನ್ನೊಂದು ಪೆನ್ಸಿಲ್ವೇನಿಯಾದ ಈರಿ ನಗರದ ವಾಲ್ಡಮೀರ್‌ನಲ್ಲಿ, 1972ರದು. ಟ್ರೇಸಿ 1974ರಲ್ಲಿ ತೀರಿಕೊಂಡ. ಅವನ ಕೈಕೆಲಸದ ಬಹುಪಾಲು ಬೆಂಕಿಗೋ ಬುಲ್‌ಡೋಜರ್‌ಗೋ ಬಲಿಯಾಗಿದೆ. ಇಲ್ಲಿ ಸಿಡ್ನಿಯಂಥ ದೊಡ್ಡ ಯಂತ್ರಗಳಿಲ್ಲ, ಬೊಂಬೆಗಳ ದೃಶ್ಯಗಳೇ ಪ್ರಧಾನ. ಅವನ ಅಸ್ಥಿಪಂಜರಗಳ ಮುಖದಲ್ಲಿ ಕ್ರೌರ್ಯಕ್ಕಿಂತ ತುಂಟತನ ಹೆಚ್ಚು. ಅದನ್ನು ಹತ್ತಿರದಿಂದ, ನಿಂತು ನೋಡುವ ಅವಕಾಶ ಗಾಡಿಯಲ್ಲಿ ಸಾಗುವ ಡಾರ್ಕ್ ರೈಡ್‌ಗಳಲ್ಲಿ ಸಿಗುವುದಿಲ್ಲ. ವಾಲ್ಡಮೀರ್‌ನಲ್ಲಿ ಅವನದೇ 1970ರ ಡಾರ್ಕ್ ರೈಡ್ ‘ವ್ಯಾಕಿ ಶ್ಯಾಕ್’ ಕೂಡ ಇರುವುದರಿಂದ, ಎರಡರಲ್ಲಿ ಒಂದೇ ಊರಿಗೆ ಹೋಗುವವರು ಈರಿಯನ್ನು ಆರಿಸಿಕೊಳ್ಳಲಿ.

ಓರೆ ಕೋಣೆ ಫನ್‌ಹೌಸ್‌ಗಳ ಅತಿ ಅಗ್ಗದ, ಅತಿ ಯಶಸ್ವಿ ತಂತ್ರ. ಮೋಟರ್ ಬೇಡ, ಬೆಲ್ಟ್ ಬೇಡ. ನೆಲ, ಗೋಡೆ, ಚಾವಣಿ, ಮೇಜು, ಪಟ ಎಲ್ಲವನ್ನೂ ಒಂದೇ ಕೋನದಲ್ಲಿ ವಾಲಿಸಿ ಕಟ್ಟಿದರೆ ಕಣ್ಣು ಗೋಡೆಯನ್ನೇ ಲಂಬ ಎಂದು ನಂಬುತ್ತದೆ, ಮೈ ಅದಕ್ಕೆ ಒಪ್ಪದೆ ತೂರಾಡುತ್ತದೆ. ಇದು ಕೆಲಸ ಮಾಡಬೇಕಾದರೆ ಹೊರಗಿನ ಒಂದೇ ಒಂದು ನೇರ ಗೆರೆಯೂ ಒಳಗೆ ಕಾಣಕೂಡದು. ನಂತರ ಸೇರಿಸಿದ ಹೊಳೆಯುವ ‘ಎಕ್ಸಿಟ್’ ಫಲಕವನ್ನು ವಾಲಿಸದೆ ನೇರವಾಗಿ ತೂಗುಹಾಕಿದ ಕೋಣೆಗಳಲ್ಲಿ ಮಾಯೆ ಅರ್ಧಕ್ಕರ್ಧ ಕರಗಿಹೋಗಿರುತ್ತದೆ. ಫಲಕ ಇರಲೇಬೇಕು, ಆದರೆ ಅದನ್ನೂ ಗೋಡೆಯ ಕೋನಕ್ಕೇ ಕೂರಿಸಿದರೆ ಎರಡೂ ಉಳಿಯುತ್ತವೆ. ಇಂಥ ಕೋಣೆಯಲ್ಲಿ ಕಣ್ಣು ಮುಚ್ಚಿ ನಿಂತು ನೋಡಿ. ತೂರಾಟ ಥಟ್ಟನೆ ಕಡಿಮೆಯಾಗುತ್ತದೆ.

ಕನ್ನಡಿಗಳ ವಿಷಯದಲ್ಲಿ ಯುರೋಪಿನದೇ ಮೇಲುಗೈ. ಸ್ವಿಟ್ಜರ್ಲೆಂಡ್‌ನ ಲೂಸರ್ನ್‌ನ ಗ್ಲೇಸಿಯರ್ ಗಾರ್ಡನ್‌ನಲ್ಲಿರುವ ಕನ್ನಡಿ ಚಕ್ರವ್ಯೂಹ 1896ರಲ್ಲಿ ಜಿನೀವಾದ ರಾಷ್ಟ್ರೀಯ ಪ್ರದರ್ಶನಕ್ಕಾಗಿ ಕಟ್ಟಿದ್ದು, 1899ರಲ್ಲಿ ಲೂಸರ್ನ್‌ಗೆ ಬಂತು. ಸ್ಪೇನ್‌ನ ಅಲ್‌ಹಂಬ್ರಾ ಅರಮನೆಯ ಶೈಲಿಯ ಕಮಾನುಗಳ ನಡುವೆ 90 ಕನ್ನಡಿಗಳಿವೆ. ಪ್ರಾಗ್‌ನ ಪೆಟ್ರಿನ್ ಗುಡ್ಡದ ಮೇಲಿನದು 1891ರ ಪ್ರದರ್ಶನದ್ದು. ಅಲ್ಲಿ ಕನ್ನಡಿಗಳ ನಡುವೆ 1648ರ ಯುದ್ಧದ ದೊಡ್ಡ ಚಿತ್ರಣವೊಂದಿದೆ, ವಕ್ರಗನ್ನಡಿಗಳ ಕೋಣೆಯೂ ಇದೆ. ಕನ್ನಡಿಗಳಿಗಾಗಿಯೇ ಹೋಗುವವರು ಲೂಸರ್ನ್‌ಗೆ ಹೋಗಲಿ, ಮಕ್ಕಳನ್ನು ಕರೆದುಕೊಂಡು ಹೋಗುವವರು ಪ್ರಾಗ್‌ಗೆ.

ಇಂಥ ಚಕ್ರವ್ಯೂಹಗಳ ಗುಟ್ಟು 60 ಡಿಗ್ರಿ. ನೆಲವನ್ನು ಸಮಬಾಹು ತ್ರಿಕೋನಗಳಾಗಿ ಭಾಗಿಸಿ, ಮೂಲೆಗಳಲ್ಲಿ ಕಂಬ ನಿಲ್ಲಿಸಿ, ಬದಿಗಳಲ್ಲಿ ಕನ್ನಡಿ ಇಲ್ಲವೇ ಖಾಲಿ ಕಮಾನು ಬಿಡುತ್ತಾರೆ. 60 ಡಿಗ್ರಿಯಲ್ಲಿ ಕೂಡುವ ಎರಡು ಕನ್ನಡಿಗಳು 5 ಪ್ರತಿಬಿಂಬ ಕೊಡುತ್ತವೆ. ಅವು ನಿಜವಾದ ಜಾಗದ ಜೊತೆ ಒಂದಿಷ್ಟೂ ಬಿರುಕಿಲ್ಲದೆ ಕೂಡಿಕೊಂಡು ಆರು ದಿಕ್ಕಿಗೂ ಓಣಿಗಳಿರುವಂತೆ ಕಾಣಿಸುತ್ತವೆ. ದಾರಿ ತಿಳಿಯಬೇಕಿದ್ದರೆ ಮುಖದ ಎತ್ತರದಲ್ಲಿ ನೋಡಬೇಡಿ, ಕಂಬದ ಬುಡ ನೋಡಿ. ಕನ್ನಡಿಯ ಕೆಳ ಅಂಚಿನಲ್ಲಿ ಧೂಳಿನ ಅಥವಾ ಚೌಕಟ್ಟಿನ ತೆಳುಗೆರೆ ಇದ್ದೇ ಇರುತ್ತದೆ, ಖಾಲಿ ಕಮಾನಿನಲ್ಲಿ ಅದಿರುವುದಿಲ್ಲ. ಒಂದು ಕೈಯನ್ನು ಎದೆಮಟ್ಟದಲ್ಲಿ ಮುಂದೆ ಚಾಚಿ ನಿಧಾನವಾಗಿ ನಡೆಯಿರಿ. ಓಡುವ ಮಕ್ಕಳ ಹಣೆಗೆ ಪೆಟ್ಟಾಗುವುದು ಇಲ್ಲಿಯೇ ಹೆಚ್ಚು. ಕನ್ನಡಿಗೆ ಬೆರಳ ತುದಿ ಮುಟ್ಟಿಸಿ ನೋಡಿ: ಬೆರಳಿಗೂ ಅದರ ಬಿಂಬಕ್ಕೂ ನಡುವೆ ಅಂತರ ಕಂಡರೆ ಲೇಪನ ಹಿಂಬದಿಗಿದೆ ಎಂದರ್ಥ. ವಕ್ರಗನ್ನಡಿಗಳಲ್ಲಿ ಈಗ ಪ್ಲಾಸ್ಟಿಕ್ ಹಾಳೆ ಸಾಮಾನ್ಯವಾಗಿದೆ. ಅದು ಗೀಚಿಹೋಗಿ ಬಿಂಬ ಮಬ್ಬಾಗುತ್ತದೆ, ಬಾಗು ಸಮನಾಗಿರದೆ ಅಲೆಯಲೆಯಾಗುತ್ತದೆ. ಹಳೆಯ ಬಾಗಿಸಿದ ಗಾಜಿನ ಮುಂದೆ ನಿಂತರೆ ಮೂಗಿನ ತುದಿಯೂ ಚುರುಕಾಗಿ ಕಾಣುತ್ತದೆ. ಹೊರಕ್ಕೆ ಉಬ್ಬಿದ, ಉದ್ದುದ್ದ ನಿಂತ ಉರುಳೆಯಂಥ ಕನ್ನಡಿ ಸಣಕಲು ಮಾಡುತ್ತದೆ, ಅದನ್ನೇ ಅಡ್ಡಡ್ಡ ಮಲಗಿಸಿದರೆ ಕುಳ್ಳಗೆ ತೋರಿಸುತ್ತದೆ.

ಇವು ಏಕೆ ಇಷ್ಟು ಕಡಿಮೆ ಉಳಿದವು? ಪ್ರತಿ ಯಂತ್ರಕ್ಕೂ ಒಬ್ಬ ಕಾವಲುಗಾರ ಬೇಕು, ಬಿದ್ದವರ ಪರಿಹಾರದ ಮೊಕದ್ದಮೆಗಳಿವೆ, ವಿಮೆಯ ಖರ್ಚಿದೆ. ಸ್ಯಾನ್ ಫ್ರಾನ್ಸಿಸ್ಕೊದ ‘ಪ್ಲೇಲ್ಯಾಂಡ್ ಅಟ್ ದಿ ಬೀಚ್’ 1972ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದಾಗ ಅದರ ಪ್ರಸಿದ್ಧ ಫನ್‌ಹೌಸ್ ಕೂಡ ಹೋಯಿತು. ಅಲ್ಲಿನ ನಗುವ ಬೊಂಬೆ ‘ಲಾಫಿಂಗ್ ಸ್ಯಾಲ್’ ಈಗ ಅದೇ ಊರಿನ ಹಳೆಯ ಆಟದ ಯಂತ್ರಗಳ ಸಂಗ್ರಹಾಲಯ ಮ್ಯೂಸೆ ಮೆಕಾನಿಕ್‌ನಲ್ಲಿದೆ. ಬ್ಲ್ಯಾಕ್‌ಪೂಲ್‌ನಲ್ಲಿ ವಾಸ್ತುಶಿಲ್ಪಿ ಜೋಸೆಫ್ ಎಂಬರ್ಟನ್ 1934ರಲ್ಲಿ ಕಟ್ಟಿದ ಸೊಗಸಾದ ಫನ್‌ಹೌಸ್ 1991ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆಂಗಸರ ಲಂಗ ಹಾರಿಸಲೆಂದೇ ನೆಲದಲ್ಲಿಡುತ್ತಿದ್ದ ಗಾಳಿಕೊಳವೆಗಳು ಮಾತ್ರ ಹೋದದ್ದೇ ಒಳ್ಳೆಯದಾಯಿತು. ಅವಮಾನ ಮಾಡಿ ನಗಿಸುವ ಆ ಭಾಗವನ್ನು ಯಾರೂ ಮರಳಿ ತರುವ ಅಗತ್ಯವಿಲ್ಲ.

ಬೆಂಕಿಯ ಮಾತನ್ನು ಬಿಡಿಸಿ ಹೇಳಲೇಬೇಕು. 1984ರ ಮೇ 11ರಂದು ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್‌ನ ‘ಹಾಂಟೆಡ್ ಕ್ಯಾಸಲ್’ ಎಂಬ ನಡೆದಾಡುವ ಮನೆಯಲ್ಲಿ ಬೆಂಕಿ ಹೊತ್ತಿ 8 ಹದಿಹರೆಯದವರು ಸತ್ತರು. ಟ್ರಕ್ ಟ್ರೇಲರ್‌ಗಳನ್ನು ಜೋಡಿಸಿ ಮಾಡಿದ ಕಟ್ಟಡ, ಗೋಡೆಗೆ ಫೋಮ್ ಮೆತ್ತೆ, ಬೆಂಕಿಯಾದಾಗ ಚಾವಣಿಯಿಂದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇಲ್ಲ. ಕತ್ತಲೆ, ಗೊಂದಲದ ದಾರಿ, ಉರಿಯುವ ಅಲಂಕಾರ ಮೂರೂ ಸೇರಿದರೆ ಹೊರಬರುವ ದಾರಿ ತಿಳಿಯುವುದಿಲ್ಲ. ಅಮೆರಿಕದ ನಿಯಮಗಳು ಈಗ ಇಂಥ ಕಟ್ಟಡಗಳನ್ನು ಬೇರೆಯೇ ವರ್ಗವಾಗಿ ನೋಡುತ್ತವೆ. ಸ್ಪ್ರಿಂಕ್ಲರ್ ಮತ್ತು ಹೊಗೆ ಪತ್ತೆಯ ವ್ಯವಸ್ಥೆ ಬೇಕು. ಅಲಾರಂ ಆದಾಗ ಸದ್ದು ಮತ್ತು ಗೊಂದಲದ ದೃಶ್ಯಗಳು ತಾವಾಗಿಯೇ ನಿಂತು ದಾರಿಯ ದೀಪಗಳು ಹೊತ್ತಬೇಕು. ಯಾವುದೇ ಹಳೆಯ ಫನ್‌ಹೌಸ್‌ಗೆ ಹೋದಾಗ ತಲೆಯೆತ್ತಿ ಚಾವಣಿಯನ್ನು ಒಮ್ಮೆ ನೋಡಿ. ಸ್ಪ್ರಿಂಕ್ಲರ್ ತುದಿಗಳು ಕಾಣಬೇಕು, ಅವಕ್ಕೆ ಬಣ್ಣ ಬಳಿದಿರಬಾರದು. ಬಣ್ಣ ಬಳಿದ ಸ್ಪ್ರಿಂಕ್ಲರ್ ಬೆಂಕಿಯ ಹೊತ್ತಿಗೆ ನೀರನ್ನು ತಡವಾಗಿ ಬಿಡಬಹುದು, ಬಿಡದೆಯೂ ಇರಬಹುದು. ತುರ್ತು ಬಾಗಿಲಿನ ಮುಂದೆ ಬಿಡಿ ಬೊಂಬೆ, ಗೋಣಿ ರಾಶಿ ಇಟ್ಟಿದ್ದರೆ ಸಿಬ್ಬಂದಿಗೆ ಹೇಳಿ. ಇದಾವುದೂ ಹಳೆಯ ಮನೆಯ ಸೊಗಸಿಗೆ ಅಡ್ಡಿಯಲ್ಲ. ಸಿಡ್ನಿಯ ಪಾರ್ಕ್ ಕೂಡ 1979ರ ಜೂನ್‌ನಲ್ಲಿ ‘ಘೋಸ್ಟ್ ಟ್ರೇನ್’ ಎಂಬ ಡಾರ್ಕ್ ರೈಡ್‌ನ ಬೆಂಕಿಯಲ್ಲಿ 7 ಜನರನ್ನು ಕಳೆದುಕೊಂಡ ಜಾಗವೇ. ಕೋನಿ ಐಲೆಂಡ್ ಕಟ್ಟಡ ಉಳಿದುಕೊಂಡಿತು.

ಹೊರಡುವ ಮುನ್ನ ಉಡುಪು ನೋಡಿಕೊಳ್ಳಿ. ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟ್, ಲೇಸ್ ಬಿಗಿದ ಚಪ್ಪಟೆ ಸೋಲಿನ ಶೂ. ಶಾಲು, ಉದ್ದ ಸರ, ಕುತ್ತಿಗೆಗೆ ಹಾಕುವ ಗುರುತಿನ ಚೀಟಿಯ ದಾರ ಬೇಡ, ತಿರುಗುವ ಯಂತ್ರದ ಹತ್ತಿರ ಅವು ಅಪಾಯ. ಜೇಬಿನಲ್ಲಿ ಕೀಲಿಗೊಂಚಲು ಇಟ್ಟುಕೊಂಡು ಜಾರಿದರೆ ತೊಡೆಗೂ ಪೆಟ್ಟು, ಮರಕ್ಕೂ ಗೀರು. ಗರ್ಭಿಣಿಯರು, ಬೆನ್ನು ಅಥವಾ ಮಂಡಿ ನೋವಿರುವವರು ಕನ್ನಡಿಗಳನ್ನು ನೋಡುವುದಷ್ಟಕ್ಕೇ ನಿಲ್ಲಿಸಲಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ಈ ಮನೆಗಳ ಹೆಚ್ಚಿನ ಭಾಗ ಎಟುಕುವುದಿಲ್ಲ ಎಂಬುದು ನಿಜವಾದ ಕೊರತೆ. ಬಯಲು ಹಜಾರವಾದ್ದರಿಂದ ಸಿಡ್ನಿಯಲ್ಲಿ ಕೂತು ನೋಡುವ ಸುಖವಾದರೂ ಸಿಗುತ್ತದೆ.

ಜಾಯ್ ವೀಲ್‌ನ ಪೂರ್ತಿ ರಭಸ ನೋಡಬೇಕೆನ್ನುವವರಿಗೆ ಇನ್ನೊಂದು ದಾರಿಯಿದೆ. ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್‌ನಲ್ಲಿ 1910ರಿಂದ ಬಂದಿರುವ ‘ಟಾಯ್ಫೆಲ್ಸ್‌ರಾಡ್’ ಎಂಬುದು ಇದೇ ಯಂತ್ರ, ಆದರೆ ಕನಿಕರವಿಲ್ಲದ್ದು. ತಟ್ಟೆಯ ಮೇಲೆ ಗಟ್ಟಿಯಾಗಿ ಕೂತವರನ್ನು ಹಗ್ಗ ಎಸೆದು ಎಳೆಯುತ್ತಾರೆ, ಮೇಲಿನಿಂದ ತೂಗುಬಿಟ್ಟ ಮೆತ್ತನೆಯ ದೊಡ್ಡ ಚೆಂಡಿನಿಂದ ಹೊಡೆದು ಕೆಡವುತ್ತಾರೆ. ಮೈಕ್ ಹಿಡಿದವನು ಒಬ್ಬೊಬ್ಬರನ್ನೂ ಛೇಡಿಸುತ್ತಿರುತ್ತಾನೆ. ಮೇಲೆ ಹತ್ತಲು ಮನಸ್ಸಿಲ್ಲದಿದ್ದರೂ ಸುತ್ತಲಿನ ಜನರ ನಡುವೆ ನಿಂತು ನಾಲ್ಕೈದು ಸರದಿ ನೋಡಿ. ಹತ್ತುವವರು ಮಾತ್ರ ಕರೆ ಬಂದ ಕೂಡಲೇ ಓಡಿ ನಡುವಿನ ಜಾಗ ಹಿಡಿಯಬೇಕು. ಹಗ್ಗ ಹೇಗೂ ಬರುತ್ತದೆ, ಆದರೆ ಅಂಚಿನಲ್ಲಿ ಕೂತವರಿಗೆ ಅದನ್ನು ನೋಡುವ ತನಕವೂ ಉಳಿಗಾಲವಿಲ್ಲ.